ಬಲವರ್ಧಕ ವ್ಯಾಯಾಮ: ಸ್ನಾಯು, ಭಾರ ಮತ್ತು ವಯಸ್ಸು

ಸ್ವರೂಪ

ಸ್ನಾಯುಗಳಿಗೆ ರೂಢಿಗಿಂತ ಹೆಚ್ಚಿನ ಭಾರವನ್ನು ಕ್ರಮಬದ್ಧವಾಗಿ ಕೊಟ್ಟು ಅವುಗಳ ಶಕ್ತಿಯನ್ನು ಬೆಳೆಸುವ ಅಭ್ಯಾಸಕ್ಕೆ ಬಲವರ್ಧಕ ವ್ಯಾಯಾಮ ಎಂದು ಹೆಸರು. ಜಿಮ್‌ಗಳಲ್ಲಿ ಇದು ಸ್ಟ್ರೆಂಗ್ತ್ ಟ್ರೈನಿಂಗ್. ಭಾರವೆಂದರೆ ಕಬ್ಬಿಣದ ಡಂಬೆಲ್ಲೇ ಆಗಬೇಕಿಲ್ಲ. ಸ್ವಂತ ದೇಹದ ತೂಕ, ರಬ್ಬರ್ ಪಟ್ಟಿಯ ಎಳೆತ, ನೀರು ತುಂಬಿದ ಬಿಂದಿಗೆ, ಮರಳಿನ ಚೀಲ ಯಾವುದಾದರೂ ಆದೀತು. ಎದುರಿಸಬೇಕಾದ ಬಲ ಎಷ್ಟು ಎಂಬುದಷ್ಟೇ ಸ್ನಾಯುವಿಗೆ ಮುಖ್ಯ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ವಯಸ್ಕರಿಗೆ ಎರಡು ಬಗೆಯ ಚಟುವಟಿಕೆಗಳನ್ನು ಹೇಳುತ್ತದೆ. ಒಂದು, ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಶ್ರಮ. ಚುರುಕಾದ ನಡಿಗೆ ಇದಕ್ಕೆ ಉದಾಹರಣೆ. ಇನ್ನೊಂದು, ವಾರಕ್ಕೆ ಕನಿಷ್ಠ ಎರಡು ದಿನ ಪ್ರಮುಖ ಸ್ನಾಯುಗಳೆಲ್ಲಕ್ಕೂ ಭಾರ ಬೀಳುವ ವ್ಯಾಯಾಮ. ಮೊದಲ ಸಲಹೆ ನಮ್ಮಲ್ಲಿ ಮನೆಮಾತಾಗಿದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯೂ ಬೆಂಗಳೂರಿನ ಲಾಲ್‌ಬಾಗೂ ಬೆಳಗಿನ ಹೊತ್ತು ವಾಕಿಂಗ್ ಮಾಡುವವರಿಂದ ತುಂಬಿರುತ್ತವೆ. ಎರಡನೆಯ ಸಲಹೆ ಮಾತ್ರ ಪೈಲ್ವಾನರಿಗೂ ಸಿನಿಮಾ ನಟರಿಗೂ ಸೇರಿದ್ದು ಎಂಬ ಭಾವನೆ ಇನ್ನೂ ಹೋಗಿಲ್ಲ. ನಡಿಗೆ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು ಎಂಬುದರಲ್ಲಿ ತಕರಾರಿಲ್ಲ. ಆದರೆ ಅದೊಂದೇ ಸಾಲದು. ಏಕೆ ಸಾಲದು ಎಂಬುದಕ್ಕೆ ಉತ್ತರ ಸ್ನಾಯುವಿನ ರಚನೆಯಲ್ಲಿದೆ.

ಸ್ನಾಯುವಿನೊಳಗೆ

ಮಾನವ ದೇಹದಲ್ಲಿ ಮೂಳೆಗಳಿಗೆ ಅಂಟಿಕೊಂಡ ಸ್ನಾಯುಗಳ ಸಂಖ್ಯೆ 600ಕ್ಕೂ ಹೆಚ್ಚು. ಪ್ರತಿ ಸ್ನಾಯುವೂ ಕೂದಲಿನಂತೆ ತೆಳುವಾದ ಸಾವಿರಾರು ತಂತುಗಳ ಕಟ್ಟು. ಬೆನ್ನುಹುರಿಯಿಂದ ಹೊರಟ ಒಂದು ನರಕೋಶ ಮತ್ತು ಅದರ ಆಜ್ಞೆಗೆ ಒಳಪಟ್ಟ ತಂತುಗಳ ಗುಂಪು ಸೇರಿ ಒಂದು ಚಾಲಕ ಘಟಕವಾಗುತ್ತದೆ. ನರ ಆಜ್ಞೆ ಕೊಟ್ಟಾಗ ಆ ಗುಂಪಿನ ತಂತುಗಳೆಲ್ಲ ಒಟ್ಟಿಗೆ ಸಂಕುಚಿಸುತ್ತವೆ.

ತಂತುಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಿಧಾನ ತಂತುಗಳು ಬೇಗ ದಣಿಯವು. ನಿಲ್ಲಲು, ನಡೆಯಲು, ಗಂಟೆಗಟ್ಟಲೆ ಕೂತಿರಲು ಇವೇ ಸಾಕು. ವೇಗದ ತಂತುಗಳು ಹೆಚ್ಚು ಬಲ ಕೊಡುತ್ತವೆ, ಬೇಗ ಸೋಲುತ್ತವೆ. ಮೆಟ್ಟಿಲು ಹಾರಿ ಹತ್ತಲು, ಮೂಟೆ ಎತ್ತಲು, ಕಾಲು ಜಾರಿದಾಗ ತಟಕ್ಕನೆ ಸಾವರಿಸಿಕೊಳ್ಳಲು ಇವು ಬೇಕು.

ದೇಹ ಇವನ್ನು ಬಳಸುವ ಕ್ರಮವನ್ನು ಅಮೆರಿಕದ ನರವಿಜ್ಞಾನಿ ಎಲ್ವುಡ್ ಹೆನ್ನೆಮನ್ ಗುರುತಿಸಿದರು. ಕೆಲಸ ಹಗುರವಾಗಿದ್ದರೆ ಚಿಕ್ಕ ಘಟಕಗಳು ಮಾತ್ರ ಎಚ್ಚರಗೊಳ್ಳುತ್ತವೆ. ಭಾರ ಏರಿದಂತೆ ದೊಡ್ಡ ಘಟಕಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ವೇಗದ ತಂತುಗಳ ಬಹುಪಾಲು ಈ ದೊಡ್ಡ ಘಟಕಗಳಲ್ಲಿದೆ. ಸಮತಟ್ಟಾದ ಹಾದಿಯಲ್ಲಿ ಎಷ್ಟು ಹೊತ್ತು ನಡೆದರೂ ಇವುಗಳಲ್ಲಿ ಹೆಚ್ಚಿನವಕ್ಕೆ ಕರೆ ಬರುವುದೇ ಇಲ್ಲ. ವಯಸ್ಸಾದಂತೆ ಹೆಚ್ಚು ಸೊರಗುವುದೂ ಈ ವೇಗದ ತಂತುಗಳೇ. ಬಲವರ್ಧಕ ವ್ಯಾಯಾಮದ ಇಡೀ ತರ್ಕ ಈ ಎರಡು ಸಂಗತಿಗಳ ಮೇಲೆ ನಿಂತಿದೆ.

ಬಲ ಬೆಳೆಯುವ ಬಗೆ

ಅಭ್ಯಾಸದ ಮೊದಲ ಕೆಲವು ವಾರಗಳಲ್ಲಿ ಎತ್ತುವ ತೂಕ ಏರುತ್ತದೆ, ತೋಳಿನ ಸುತ್ತಳತೆ ಮಾತ್ರ ಇದ್ದಲ್ಲೇ ಇರುತ್ತದೆ. ಹೊಸಬರು ಇಲ್ಲಿಯೇ ನಿರಾಶರಾಗಿ ಜಿಮ್ ಬಿಡುವುದುಂಟು. ಈ ಅವಧಿಯಲ್ಲಿ ಕಲಿಯುತ್ತಿರುವುದು ನರಮಂಡಲ: ಹೆಚ್ಚು ಘಟಕಗಳನ್ನು, ಹೆಚ್ಚು ಚುರುಕಾಗಿ, ಸರಿಯಾದ ಹೊತ್ತಿಗೆ ಕರೆಯುವುದನ್ನು ಅದು ರೂಢಿಸಿಕೊಳ್ಳುತ್ತದೆ. ತಂತುಗಳು ದಪ್ಪಗಾಗುವುದು ಕಣ್ಣಿಗೆ ಕಾಣುವುದು ಅದರ ನಂತರ. ಭಾರ ಹೊತ್ತ ಸ್ನಾಯು ವ್ಯಾಯಾಮದ ನಂತರದ ಒಂದೆರಡು ದಿನ ಆಹಾರದ ಪ್ರೋಟೀನನ್ನು ಬಳಸಿ ಹೊಸ ಅಂಗಾಂಶ ಕಟ್ಟುತ್ತದೆ. ಬೆಳವಣಿಗೆ ವಿಶ್ರಾಂತಿಯಲ್ಲಿ ಆಗುವುದರಿಂದಲೇ ಒಂದೇ ಸ್ನಾಯುವಿಗೆ ದಿನಬಿಟ್ಟು ದಿನ ಕೆಲಸ ಕೊಡುವ ರೂಢಿ ಬಂದಿದೆ.

ಹೊಸದಾಗಿ ಬಸ್ಕಿ ಹೊಡೆದವರು ಮಾರನೆಯ ದಿನ ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಾರೆ. ಈ ನೋವು ಲ್ಯಾಕ್ಟಿಕ್ ಆಮ್ಲ ಸೇರಿಕೊಂಡದ್ದರಿಂದ ಬರುತ್ತದೆ ಎಂಬುದು ಹಳೆಯ ನಂಬಿಕೆ. ಆ ಪದಾರ್ಥ ವ್ಯಾಯಾಮ ನಿಂತ ಒಂದೆರಡು ಗಂಟೆಗಳೊಳಗೆ ರಕ್ತದಿಂದ ತೆರವಾಗಿರುತ್ತದೆ. ಭಾರವನ್ನು ತಡೆಯುತ್ತಾ ಸ್ನಾಯು ಉದ್ದವಾಗುವಾಗ, ಅಂದರೆ ಬಸ್ಕಿಯಲ್ಲಿ ಕೆಳಗಿಳಿಯುವಾಗ, ತಂತುಗಳಲ್ಲಿ ಆಗುವ ಸೂಕ್ಷ್ಮ ಗಾಯಗಳೇ ಇದಕ್ಕೆ ಕಾರಣ. ಒಂದರಿಂದ ಮೂರು ದಿನ ಕಾಡಿ ನೋವು ಹೋಗುತ್ತದೆ. ನೋವು ಹೆಚ್ಚಾದಷ್ಟೂ ಲಾಭ ಹೆಚ್ಚು ಎಂದು ಹುರಿದುಂಬಿಸುವ ತರಬೇತುದಾರರ ಮಾತನ್ನು ನಂಬಬೇಕಿಲ್ಲ.

ಭಾರವನ್ನು ಹಂತಹಂತವಾಗಿ ಏರಿಸುವ ತತ್ತ್ವ ವೈದ್ಯಕೀಯಕ್ಕೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಷಿಕಾಗೋದ ಸೇನಾ ಆಸ್ಪತ್ರೆಯೊಂದರಲ್ಲಿ ಮೊಣಕಾಲಿಗೆ ಪೆಟ್ಟಾದ ಸೈನಿಕರಿಗೆ ಅಲ್ಲಿಯವರೆಗೆ ಹಗುರ ಭಾರವನ್ನು ಬಹಳ ಸಲ ಎತ್ತಿಸುತ್ತಿದ್ದರು. ಗುಣವಾಗುವುದು ತಿಂಗಳುಗಟ್ಟಲೆ ಎಳೆಯುತ್ತಿತ್ತು. ಅಲ್ಲಿನ ತರುಣ ವೈದ್ಯ ಥಾಮಸ್ ಡಿಲಾರ್ಮ್ ಚಿಕ್ಕಂದಿನಲ್ಲಿ ಕೀಲುವಾತದ ಜ್ವರದಿಂದ ಎದ್ದಮೇಲೆ ಕಬ್ಬಿಣ ಎತ್ತಿಯೇ ಮೈ ತುಂಬಿಕೊಂಡಿದ್ದರು. ಅವರು ಕ್ರಮವನ್ನು ತಿರುಗಿಸಿದರು: ಭಾರ ಹೆಚ್ಚು, ಆವರ್ತನ ಕಡಿಮೆ, ಶಕ್ತಿ ಬಂದಂತೆ ತೂಕ ಏರಿಕೆ. 1945ರಲ್ಲಿ ಪ್ರಕಟವಾದ ಈ ವಿಧಾನದ ಗುರುತು ಇಂದಿಗೂ ಜಿಮ್‌ಗಳಲ್ಲಿದೆ. ಹತ್ತು ಸಲದ ಮೂರು ಸೆಟ್ ಎಂಬ ಲೆಕ್ಕ ಅವರ ಕೆಲಸದಿಂದ ಹರಡಿದ್ದು.

ವಯಸ್ಸು ಮತ್ತು ಸ್ನಾಯುಕ್ಷಯ

ಮೂವತ್ತರ ನಂತರ ಸ್ನಾಯುವಿನ ತೂಕ ದಶಕಕ್ಕೆ ಸುಮಾರು ಶೇ. 3ರಿಂದ 8ರಷ್ಟು ಕುಗ್ಗುತ್ತದೆ. ಅರವತ್ತರ ನಂತರ ಕುಗ್ಗುವ ವೇಗ ಇನ್ನೂ ಹೆಚ್ಚು. ಬಲ ಅದಕ್ಕಿಂತಲೂ ಬೇಗ ಇಳಿಯುತ್ತದೆ. ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಇದಕ್ಕೆ ಸಾರ್ಕೋಪೀನಿಯ ಎಂದು ಹೆಸರಿಟ್ಟರು. ಅದರ ಮೊದಲ ಸೂಚನೆಗಳು ಮನೆಯಲ್ಲೇ ಕಾಣುತ್ತವೆ. ನೆಲದ ಮೇಲೆ ಊಟಕ್ಕೆ ಕೂರುತ್ತಿದ್ದವರು ಕುರ್ಚಿ ಕೇಳುತ್ತಾರೆ. ಕುರ್ಚಿಯಿಂದ ಏಳುವಾಗ ತೊಡೆಯ ಮೇಲೆ ಕೈ ಊರುತ್ತಾರೆ. ಸಿಟಿ ಬಸ್ಸಿನ ಮೊದಲ ಮೆಟ್ಟಿಲಿಗೆ ಕಂಬಿ ಹಿಡಿದು ದೇಹವನ್ನು ಎಳೆದುಕೊಳ್ಳುತ್ತಾರೆ. ‘ವಯಸ್ಸಾಯಿತಲ್ಲ, ಮಂಡಿ ಹೋಗಿದೆ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಮಂಡಿಯ ಜೊತೆಗೆ, ಕೆಲವೊಮ್ಮೆ ಮಂಡಿಗಿಂತ ಮೊದಲೇ, ಹೋಗಿರುವುದು ತೊಡೆಯ ಬಲ.

ಹೀಗೆ ಹೋದ ಬಲ ಮರಳಿ ಬರುತ್ತದೆಯೇ ಎಂಬ ಪ್ರಶ್ನೆಗೆ 1990ರಲ್ಲಿ ಬೋಸ್ಟನ್ನಿನ ವೈದ್ಯೆ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸ್ಪಷ್ಟ ಉತ್ತರ ಕೊಟ್ಟರು. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಅವರು ಎಂಟು ವಾರ ತೊಡೆಯ ಸ್ನಾಯುಗಳಿಗೆ ಭಾರವಾದ ವ್ಯಾಯಾಮ ಮಾಡಿಸಿದರು. ಪೂರ್ಣಗೊಳಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು, ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವ ವೇಗ ಶೇ. 48ರಷ್ಟು ಹೆಚ್ಚಿತು. ಚಿಕ್ಕ ಗುಂಪಿನ ಅಧ್ಯಯನ ಇದು. ಆದರೂ ‘ಇಷ್ಟು ವಯಸ್ಸಾದ ಮೇಲೆ ಏನು ಪ್ರಯೋಜನ’ ಎಂಬ ಮಾತಿಗೆ ಇದಕ್ಕಿಂತ ನೇರವಾದ ಜವಾಬು ಸಿಗುವುದು ಕಷ್ಟ.

ಮುಷ್ಟಿಯ ಬಿಗಿತ ಇಡೀ ದೇಹದ ಬಲವನ್ನು ಅಂದಾಜಿಸುವ ಸುಲಭ ಅಳತೆ. 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಪರೀಕ್ಷಿಸಿದ ‘ಪ್ಯೂರ್’ ಅಧ್ಯಯನದ ವರದಿ 2015ರಲ್ಲಿ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಅದರಲ್ಲಿ ಪಾಲುದಾರ. ಹಿಡಿತ ಐದು ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಾಗಿ ಕಂಡಿತು. ಇದರರ್ಥ ಹಿಸುಕುವ ಸ್ಪ್ರಿಂಗ್ ಒಂದನ್ನು ಕೊಂಡು ಆಯುಷ್ಯ ಬೆಳೆಸಬಹುದೆಂದಲ್ಲ. ಹಿಡಿತ ಇಲ್ಲಿ ಕಾರಣವಲ್ಲ, ಒಟ್ಟಾರೆ ಆರೋಗ್ಯದ ಸೂಚಕ.

ಸಕ್ಕರೆ, ಕೊಬ್ಬು, ಮೂಳೆ

ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆಳೆದುಕೊಳ್ಳುವುದು ಸ್ನಾಯು. ಸಾಮಾನ್ಯವಾಗಿ ಇದಕ್ಕೆ ಇನ್ಸುಲಿನ್ನಿನ ಅನುಮತಿ ಬೇಕು. ಸ್ನಾಯು ಸಂಕುಚಿಸುತ್ತಿರುವಾಗ ಮಾತ್ರ ಸಕ್ಕರೆ ಸಾಗಿಸುವ ಪ್ರೋಟೀನುಗಳು ಇನ್ಸುಲಿನ್ ಇಲ್ಲದೆಯೂ ಕೋಶದ ಮೇಲ್ಮೈಗೆ ಬರುತ್ತವೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಅವರಲ್ಲಿ ಹಲವರಿಗೆ ವಾಕಿಂಗ್ ಸಲಹೆ ಸಿಕ್ಕಿರುತ್ತದೆ. ಭಾರ ಎತ್ತುವ ಸಲಹೆ ಸಿಕ್ಕವರು ವಿರಳ.

ಭಾರತೀಯರ ಮಟ್ಟಿಗೆ ಇನ್ನೊಂದು ಸಂಗತಿ ಗಮನಾರ್ಹ. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ಜೋಡಿ ಚಿತ್ರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯ ದೇಹದಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಎಂಬ ತಿಳಿವಳಿಕೆಗೆ ಈ ಚಿತ್ರ ಪ್ರಸಿದ್ಧ ನಿದರ್ಶನವಾಯಿತು. ತೂಕದ ಯಂತ್ರವೊಂದನ್ನೇ ನಂಬಿ ಉಪವಾಸ ಮಾಡುವವರು ಕೊಬ್ಬಿನ ಜೊತೆಗೆ ಮೊದಲೇ ಕೊರತೆಯಿರುವ ಸ್ನಾಯುವನ್ನೂ ಕಳೆದುಕೊಳ್ಳುತ್ತಾರೆ.

ಮೂಳೆಯೂ ತನ್ನ ಮೇಲೆ ಬೀಳುವ ಒತ್ತಡಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ. ಮುಟ್ಟು ನಿಂತ ನಂತರ ಮೂಳೆ ಸವೆಯುವ ಮಹಿಳೆಯರಿಗೆ ಇದು ಮುಖ್ಯ. ಭಾರ ಎತ್ತಿದರೆ ಗಂಡಸಿನ ಮೈಕಟ್ಟು ಬರುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಅಂಥ ಗಾತ್ರಕ್ಕೆ ಬೇಕಾದ ಟೆಸ್ಟೋಸ್ಟಿರಾನ್ ಹೆಣ್ಣಿನ ದೇಹದಲ್ಲಿ ತೀರ ಕಡಿಮೆ.

ಗರಡಿಮನೆಯ ಕ್ರಮ

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಗರಡಿಮನೆಗಳು ಇಂದಿಗೂ ಇವೆ: ತಗ್ಗಿದ ಬಾಗಿಲು, ಆಂಜನೇಯನ ಪಟ, ನಡುವೆ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಗೊರಗಿದ ಗದೆ, ಮುದ್ಗರ, ಕಲ್ಲುಗುಂಡು. ಸಾಮು ಆರಂಭವಾಗುವುದು ದಂಡ ಮತ್ತು ಬಸ್ಕಿಯಿಂದ. ದಂಡದಲ್ಲಿ ಅಂಗೈ ಊರಿ, ಸೊಂಟ ಮೇಲೆತ್ತಿ, ಎದೆಯನ್ನು ನೆಲದ ಸನಿಹಕ್ಕೆ ತಂದು ಮುಂದಕ್ಕೆ ಸರಿದು ತಲೆ ಎತ್ತುತ್ತಾರೆ. ಭುಜ, ತೋಳು, ಬೆನ್ನು ಒಂದೇ ಚಲನೆಯಲ್ಲಿ ದುಡಿಯುತ್ತವೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಮತ್ತು ಉಸುಕಿನ ಚೀಲ ಎತ್ತುವ ಸ್ಪರ್ಧೆಗಳಿಗೆ ಈಗಲೂ ಜನ ಸೇರುತ್ತಾರೆ.

ಆಧುನಿಕ ದೃಷ್ಟಿಯಿಂದ ನೋಡಿದರೆ ನೂರಾರು ಬಸ್ಕಿಗಳ ಎಣಿಕೆ ತಾಳಿಕೆಯನ್ನು ಹೆಚ್ಚು ಬೆಳೆಸುತ್ತದೆ. ಶುದ್ಧ ಬಲವನ್ನು ಬೆಳೆಸುವುದು ಕಲ್ಲುಗುಂಡು ಮತ್ತು ಎದುರಾಳಿಯ ಮೈಭಾರ. ಇನ್ನು ಶಾಲೆಗಳಲ್ಲಿ ಬಸ್ಕಿಯನ್ನು ಶಿಕ್ಷೆಯಾಗಿ ಬಳಸಿದ್ದು ಒಳ್ಳೆಯ ವ್ಯಾಯಾಮವೊಂದಕ್ಕೆ ಕೆಟ್ಟ ಹೆಸರು ತಂದಿತು.

ಮನೆಯಲ್ಲಿ ಆರಂಭ

ಅರವತ್ತು ದಾಟಿದವರ ಕಾಲಿನ ಬಲವನ್ನು ಅಳೆಯಲು ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಕೈಗಳಿಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿಡಬೇಕು. ನಡುಭಾಗದಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಮಡಿಚಿ, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದೆಂದು ಎಣಿಸಬೇಕು. ಅಮೆರಿಕದಲ್ಲಿ ಬಳಸುವ ಮಾನದಂಡದಂತೆ 60ರಿಂದ 64 ವಯಸ್ಸಿನ ಗಂಡಸರಲ್ಲಿ 14, ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು.

ಪರೀಕ್ಷೆಯೇ ಮೊದಲ ವ್ಯಾಯಾಮವೂ ಹೌದು. ಎಂಟು ಹತ್ತು ಸಲ ನಿಧಾನವಾಗಿ ಎದ್ದು ಕೂರುವುದು ಹಗುರವೆನಿಸಿದ ಮೇಲೆ ಎರಡು ಕಿಲೋ ತೊಗರಿಬೇಳೆಯ ಚೀಲವನ್ನು ಎದೆಗವಚಿಕೊಂಡು ಏಳಬಹುದು. ಅದೂ ರೂಢಿಯಾದರೆ ಇನ್ನೂ ತಗ್ಗಿನ ಆಸನ. ಗೋಡೆಗೆ ಕೈಯೊತ್ತಿ ತಳ್ಳುವುದು, ಮೆಟ್ಟಿಲೊಂದನ್ನು ಹತ್ತಿ ಇಳಿಯುವುದು, ಮುಂದಕ್ಕೆ ಬಾಗಿ ಚೀಲವನ್ನು ಸೊಂಟದತ್ತ ಎಳೆದುಕೊಳ್ಳುವುದು ಸೇರಿದರೆ ದೇಹದ ಮುಖ್ಯ ಭಾಗಗಳೆಲ್ಲ ಮುಗಿದವು. ಇನ್ನೆರಡು ಸಲ ಸಾಧ್ಯ ಎನಿಸುವಾಗ ನಿಲ್ಲಿಸುವುದು ಸುರಕ್ಷಿತ. ತುಂಬಿದ ಗ್ಯಾಸ್ ಸಿಲಿಂಡರಿನ ತೂಕ ಸುಮಾರು 30 ಕಿಲೋ. ಅದನ್ನು ಬೆನ್ನು ಬಗ್ಗಿಸದೆ, ಸೊಂಟದಿಂದ ಬಾಗಿ, ಮೈಗೆ ಹತ್ತಿರ ಹಿಡಿದು ಎತ್ತಲು ಬಂದವರಿಗೆ ಜಿಮ್ಮಿನ ಡೆಡ್‌ಲಿಫ್ಟ್ ಅರ್ಧ ಬಂದಂತೆಯೇ.

ಆಹಾರದಲ್ಲಿ ಪ್ರೋಟೀನ್ ಸಾಕಷ್ಟಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ತಿಳಿಸಾರು ಅನ್ನದಿಂದ ಇದು ಒದಗದು. ಕಾಳು, ಬೇಳೆ, ಮೊಸರು, ಮೊಟ್ಟೆ, ಮೀನು ಪ್ರತಿ ಊಟದಲ್ಲೂ ಒಂದಾದರೂ ಬೇಕು.

ಎಚ್ಚರಿಕೆಗಳು

ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಕ್ಷಣಮಾತ್ರದಲ್ಲಿ ಏರುತ್ತದೆ. ಎತ್ತುವಾಗ ಉಸಿರು ಬಿಡುವುದು, ಇಳಿಸುವಾಗ ಎಳೆದುಕೊಳ್ಳುವುದು ಸರಿಯಾದ ಕ್ರಮ. ಹತೋಟಿಗೆ ಬಾರದ ರಕ್ತದೊತ್ತಡ, ಇತ್ತೀಚಿನ ಹೃದಯಾಘಾತ, ಹರ್ನಿಯಾ, ಮಧುಮೇಹದಿಂದ ಕಣ್ಣಿನ ಒಳಪರದೆಗೆ ಬಂದ ತೀವ್ರ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತೊಡಗಬಾರದು. ಮಂಡಿ ಸವೆತ ಇರುವವರು ವ್ಯಾಯಾಮ ಬಿಡಬೇಕಾಗಿಲ್ಲ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವುದು ಅದರ ಚಿಕಿತ್ಸೆಯ ಭಾಗವೇ.

ನಿಲ್ಲಿಸಿದರೆ

ಗಳಿಸಿದ ಬಲ ಮದುವೆ ಮುಂಜಿಯ ಓಡಾಟದಲ್ಲಿ ಎರಡು ವಾರ ತಪ್ಪಿದ ಮಾತ್ರಕ್ಕೆ ಹೋಗುವುದಿಲ್ಲ. ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಸುಲಭ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 16 ವಾರ ತರಬೇತಿ ಪಡೆದವರಿಗೆ ಮುಂದಿನ 32 ವಾರ ವ್ಯಾಯಾಮದ ಪ್ರಮಾಣವನ್ನು ಮೂರನೆಯ ಒಂದು ಅಥವಾ ಒಂಬತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು. ಬಲ ಎಲ್ಲರಲ್ಲೂ ಬಹುಮಟ್ಟಿಗೆ ಉಳಿಯಿತು. ಬೆಳೆದ ತಂತುಗಳ ಗಾತ್ರ ಮಾತ್ರ 20ರಿಂದ 35ರ ಹರೆಯದವರಲ್ಲಿ ಉಳಿದು, 60 ದಾಟಿದವರಲ್ಲಿ ಕುಗ್ಗಿತು. ಹೀಗಾಗಿ ಇಷ್ಟು ಕಡಿಮೆ ವ್ಯಾಯಾಮ ಸಾಕು ಎಂಬ ರಿಯಾಯಿತಿ ಮೊಮ್ಮಕ್ಕಳಿಗೆ ಸಲ್ಲುತ್ತದೆ, ಅಜ್ಜ ಅಜ್ಜಿಯರಿಗೆ ಸಲ್ಲದು. ಅರವತ್ತೈದು ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ಚಟುವಟಿಕೆಯನ್ನು ವಾರಕ್ಕೆ ಮೂರು ಅಥವಾ ಹೆಚ್ಚು ದಿನ ಹೇಳಿದೆ.