ಮಾಲೂರಿನ ಇಬ್ಬರು, ನಡುವೆ ಒಂದು ನಾಟಕ

ಕೋಲಾರ ಸೀಮೆಯ ನಾಟಕಕಾರರು ಅಂದರೆ ಮೊದಲು ಬಾಯಿಗೆ ಬರುವ ಹೆಸರು ಮಾಸ್ತಿಯವರದು. ಮನೆಮಾತು ತಮಿಳಾದರೂ 'ಯಶೋಧರಾ', 'ಕಾಕನಕೋಟೆ'ಗಳನ್ನು ಕನ್ನಡಕ್ಕೆ ಕೊಟ್ಟವರು. ಮಾಸ್ತಿಯವರದೇ ಮಾಲೂರು ತಾಲ್ಲೂಕಿನ ಕುಪ್ಪೂರಿನವರು ನಮ್ಮ ಕಾಲದ ನಾಟಕಕಾರ ಕೆ.ವೈ. ನಾರಾಯಣಸ್ವಾಮಿ. ಈ ಇಬ್ಬರ ನಡುವೆ ಒಂದು ನಾಟಕ ನಿಂತಿದೆ.

ಕುವೆಂಪು ಅವರ 'ಶೂದ್ರ ತಪಸ್ವಿ' ಬಂದದ್ದು 1944ರಲ್ಲಿ. ಅದರಲ್ಲಿ ತಪಸ್ಸಿಗೆ ಕೂತ ಶೂದ್ರ ಶಂಬೂಕನ ತಲೆ ರಾಮಾಯಣದಲ್ಲಿನಂತೆ ಉರುಳುವುದಿಲ್ಲ. ರಾಮ ಬಿಟ್ಟ ಅಸ್ತ್ರ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಕೊನೆಗೆ ಅವನೇ ತಪಸ್ವಿಗೆ ತಲೆಬಾಗುತ್ತಾನೆ. ಪುರಾಣದ ಕತೆಯನ್ನು ಹೀಗೆ ಬದಲಿಸಬಾರದೆಂದು ಮಾಸ್ತಿ ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಆ ನಾಟಕವನ್ನು ತೆಲುಗಿಗೆ ತಂದವರು ಕುಪ್ಪೂರಿನ ನಾರಾಯಣಸ್ವಾಮಿ. ಮಾಸ್ತಿಯವರ ಕತೆಗಳನ್ನು ಓದಿಯೇ ಬೆಳೆದವನು ನಾನು, ಆದರೂ ಈ ವಿಷಯದಲ್ಲಿ ಕುವೆಂಪು ಅವರ ಕಡೆಗೇ ನಿಲ್ಲುತ್ತೇನೆ.

ತೆಲುಗಿಗೆ ಯಾಕೆ ಅಂತ ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾಪನಪಲ್ಲಿ ಅಂತಿದ್ದ ಈ ಊರಿಗೆ ದಿವಾನ್ ಪೂರ್ಣಯ್ಯನವರು ಮಗನ ಹೆಸರಿಟ್ಟರು. ಹೆಸರು ಬದಲಾದರೂ ಮನೆಯೊಳಗಿನ ಮಾತು ಬದಲಾಗಲಿಲ್ಲ. ಒಲೆ ಮುಂದೆ ತೆಲುಗು, ಶಾಲೆ ಕಚೇರಿಯಲ್ಲಿ ಕನ್ನಡ. ನಮ್ಮ ದೊಡ್ಡಪ್ಪ 'ಕುರುಕ್ಷೇತ್ರ' ನಾಟಕದಲ್ಲಿ ಕರ್ಣನ ಪಾರ್ಟು ಮಾಡುತ್ತಿದ್ದರು. ಅವರ ನೋಟ್‌ಬುಕ್ಕಿನಲ್ಲಿ ಪದ್ಯಗಳೆಲ್ಲ ತೆಲುಗು, ಅಕ್ಷರಗಳೆಲ್ಲ ಕನ್ನಡ. ಪ್ರತಿ ಪದ್ಯದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ರಾಗದ ಹೆಸರು. ಹಾರ್ಮೋನಿಯಂ ಮೇಷ್ಟ್ರು ಎಲ್ಲಿ ಎಳೆಯಬೇಕು ಅಂದಿದ್ದರೋ ಅಲ್ಲೊಂದು ಉದ್ದ ಗೆರೆ. "ತೆಲುಗು ಓದೋಕೆ ಬರಲ್ಲ ಕಣೋ, ಹಾಡೋಕೆ ಬರುತ್ತೆ" ಅನ್ನುತ್ತಿದ್ದರು. ಒಂಬತ್ತಕ್ಕೆ ಬಣ್ಣ ಹಚ್ಚಿದರೆ ಕರ್ಣ ಸಾಯುವ ಹೊತ್ತಿಗೆ ಕೋಳಿ ಕೂಗುತ್ತಿತ್ತು.

ನಾರಾಯಣಸ್ವಾಮಿಯವರು ಬೆಂಗಳೂರಿನ ಮಹಾರಾಣಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವರು. 'ಕಳವು', 'ಹುಲಿಸೀರೆ', 'ಚಕ್ರರತ್ನ', 'ಅನಭಿಜ್ಞ ಶಾಕುಂತಲ' ಅವರ ನಾಟಕಗಳು. ತೆಲುಗು ಕವಿ ವೇಮನನ ಕುರಿತ ನಾಟಕಕ್ಕೆ 'ವಿನುರ ವೇಮ' ಅಂತಲೇ ಹೆಸರಿಟ್ಟರು. ವೇಮನನ ಒಂದಾದರೂ ಪದ್ಯ ಬಾರದ ಮುದುಕರು ನಮ್ಮ ಕಡೆ ಸಿಗುವುದು ಕಷ್ಟ.

ಅವರ ಹೆಸರು ನಾಡಿಗೆಲ್ಲ ಮುಟ್ಟಿದ್ದು 2010ರಲ್ಲಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಅವರು ರಂಗಕ್ಕೆ ಅಳವಡಿಸಿದರು. ಸಿ. ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖರ ಸಂಗೀತ. ಮೈಸೂರಿನ ರಂಗಾಯಣದ ಆವರಣದಲ್ಲಿ ಒಂಬತ್ತು ಗಂಟೆಯ ಪ್ರಯೋಗ. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ಆಯಿತು. ದೃಶ್ಯ ಬದಲಾದಾಗ ನೋಡುವವರೇ ಎದ್ದು ಇನ್ನೊಂದು ರಂಗದ ಮುಂದೆ ಹೋಗಿ ಕೂರಬೇಕು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ, ಕೆರೆಗಳನ್ನೇ ನಂಬಿದ ಜಿಲ್ಲೆಯವರು ಮಲೆನಾಡಿನ ಮಳೆ, ಇಂಬಳ, ಕಾಡುದಾರಿಯನ್ನೆಲ್ಲ ಮಾತಿಗಿಳಿಸಿದರು! ನಗರದ ಜನ ರಾತ್ರಿಯಿಡೀ ನಾಟಕವೇ ಅಂತ ಬೆರಗಾದರು. ಕೋಲಾರದ ಹಳ್ಳಿಯವರಿಗೆ ನಾಟಕ ಅಂದರೇ ರಾತ್ರಿಯಿಡೀ ನಡೆಯುವಂಥದ್ದು. ಆ ದೊಡ್ಡ ಕಾದಂಬರಿಯನ್ನು ಎರಡು ಗಂಟೆಗೆ ಕತ್ತರಿಸದೆ ಬೆಳಗಿನವರೆಗೆ ಹರಿಯಬಿಟ್ಟ ಧೈರ್ಯದಲ್ಲಿ ನನಗೆ ನಮ್ಮ ಸೀಮೆಯ ಅಭ್ಯಾಸವೇ ಕಾಣುತ್ತದೆ.

ತೆಲುಗಿನ ಶಂಬೂಕ ನಮ್ಮ ಜಾತ್ರೆಯ ಚಪ್ಪರದಲ್ಲಿ ನಿಲ್ಲಬೇಕು. ಮಾವಿನ ಸುಗ್ಗಿ ಮುಗಿದು ಜನರ ಕೈ ಬಿಡುವಾದಾಗ, ಗೌನಿಪಲ್ಲಿಯಲ್ಲೋ ರಾಯಲ್ಪಾಡಿನಲ್ಲೋ ಆಡಿಸಲಿ. ಪಾರ್ಟು ಕಲಿಯುವ ಹುಡುಗರು ಅದನ್ನೂ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಾರೆ.