ಬಾದಲ್ ಸರ್ಕಾರ್: ವೇದಿಕೆ ತೊರೆದ ನಿರ್ದೇಶಕ

ಬಂಗಾಳಿ ನಾಟಕಕಾರ, ನಿರ್ದೇಶಕ ಬಾದಲ್ ಸರ್ಕಾರ್ (1925–2011) ಓದಿದ್ದು ಸಿವಿಲ್ ಎಂಜಿನಿಯರಿಂಗ್, ದುಡಿದದ್ದು ನಗರ ಯೋಜಕರಾಗಿ. ಮುಂದೆ ಗಿರೀಶ್ ಕಾರ್ನಾಡ್ ಇಂಗ್ಲಿಷಿಗೆ ಅನುವಾದಿಸಿದ 'ಏವಂ ಇಂದ್ರಜಿತ್' ನಾಟಕದಿಂದ ದೇಶದಾದ್ಯಂತ ಹೆಸರಾದರು. ಆದರೆ ಆ ಯಶಸ್ಸಿಗೆ ಅಂಟಿಕೊಳ್ಳಲಿಲ್ಲ. 1967ರಲ್ಲಿ ಕಟ್ಟಿದ 'ಶತಾಬ್ದಿ' ತಂಡದೊಂದಿಗೆ 1970ರ ದಶಕದ ಆರಂಭದಲ್ಲಿ ಸಭಾಂಗಣಗಳಿಂದಲೇ ಹೊರಬಂದರು. ಬಾಡಿಗೆ, ಸೆಟ್, ದೀಪಗಳ ಖರ್ಚು ಏರಿದಷ್ಟೂ ನಾಟಕವು ಟಿಕೆಟ್ ಕೊಳ್ಳಬಲ್ಲವರ ಸೊತ್ತಾಗುತ್ತದೆ ಎಂಬುದು ಅವರ ವಾದ. ಸಾದಾ ಕೋಣೆ, ಉದ್ಯಾನ, ಹಳ್ಳಿಯ ಬಯಲುಗಳೇ ರಂಗವಾದವು. ನಟರ ದೇಹವೇ ಸೆಟ್ ಆಯಿತು. ಇದಕ್ಕೆ ಅವರಿಟ್ಟ ಹೆಸರು 'ಥರ್ಡ್ ಥಿಯೇಟರ್'. 'ಮಿಛಿಲ್' ನಾಟಕದಲ್ಲಿ ಪ್ರೇಕ್ಷಕರ ನಡುವೆಯೇ ಮೆರವಣಿಗೆ ಸಾಗುತ್ತದೆ. 'ಭೋಮಾ' ನಗರವಾಸಿಯ ಮುಂದೆ ಹಳ್ಳಿಯ ಹಸಿವನ್ನು ಇಡುತ್ತದೆ. ವಿಚಿತ್ರವೆಂದರೆ, ಅವರ ಹಳೆಯ ನಾಟಕಗಳು ಅವರೇ ತೊರೆದ ವೇದಿಕೆಗಳಲ್ಲಿ ಈಗಲೂ ಪ್ರದರ್ಶನ ಕಾಣುತ್ತಿವೆ.