ಭಾರತದಲ್ಲಿ ಗಾಳಿಯ ಸರಾಸರಿ ವೇಗ

ಭಾರತದಲ್ಲಿ ಗಾಳಿಯ ಸರಾಸರಿ ವೇಗ ಎಂದರೆ ದೇಶದ ವಿವಿಧ ಪ್ರದೇಶಗಳಲ್ಲಿ ನಿಗದಿತ ಎತ್ತರದಲ್ಲಿ ದೀರ್ಘಕಾಲ ಅಳೆದ ಗಾಳಿಯ ವೇಗದ ಸರಾಸರಿ. ಈ ವೇಗವು ಪ್ರದೇಶದಿಂದ ಪ್ರದೇಶಕ್ಕೆ ಬಹಳವಾಗಿ ಬದಲಾಗುತ್ತದೆ. ಕನ್ಯಾಕುಮಾರಿಯ ಸುತ್ತಲಿನ ಪ್ರದೇಶ, ಪಾಲಕ್ಕಾಡ್ ಕಂಡಿಯ ಪೂರ್ವಭಾಗ, ಕಛ್ ಮತ್ತು ಸೌರಾಷ್ಟ್ರದ ಕರಾವಳಿ, ಪಶ್ಚಿಮ ರಾಜಸ್ಥಾನ ಹಾಗೂ ದಖ್ಖನ್ ಪ್ರಸ್ಥಭೂಮಿಯ ಗುಡ್ಡಸಾಲುಗಳು ಹೆಚ್ಚು ಗಾಳಿ ಬೀಸುವ ಪ್ರದೇಶಗಳಾಗಿವೆ. ಗಂಗಾ ಬಯಲಿನ ಬಹುಭಾಗ ಮತ್ತು ಈಶಾನ್ಯದ ಕಣಿವೆಗಳಲ್ಲಿ ಗಾಳಿ ಮಂದವಾಗಿರುತ್ತದೆ. ಪವನ ವಿದ್ಯುತ್ ಸ್ಥಾವರಗಳ ಸ್ಥಳ ನಿರ್ಣಯ, ಕಟ್ಟಡಗಳ ಸುರಕ್ಷತೆ, ಬೇಸಾಯ, ಮೀನುಗಾರಿಕೆ ಹಾಗೂ ನಗರಗಳ ವಾಯುಮಾಲಿನ್ಯ ಇವೆಲ್ಲವೂ ಈ ವ್ಯತ್ಯಾಸದೊಡನೆ ಸಂಬಂಧ ಹೊಂದಿವೆ.

## ಅಳತೆಯ ವಿಧಾನ

ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರ್, ಗಂಟೆಗೆ ಕಿಲೋಮೀಟರ್ ಅಥವಾ ನಾಟ್ ಎಂಬ ಮಾನಗಳಲ್ಲಿ ಹೇಳಲಾಗುತ್ತದೆ. ಸೆಕೆಂಡಿಗೆ 1 ಮೀಟರ್ ಎಂದರೆ ಗಂಟೆಗೆ 3.6 ಕಿ.ಮೀ.; 1 ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಅಳತೆಗೆ ಬಳಸುವ ಉಪಕರಣಕ್ಕೆ ಪವನವೇಗಮಾಪಕ ಎಂದು ಹೆಸರು. ಬಟ್ಟಲುಗಳು ಗಾಳಿಗೆ ತಿರುಗುವ ಮಾದರಿಯ ಮಾಪಕವನ್ನು 19ನೆಯ ಶತಮಾನದ ನಡುಭಾಗದಲ್ಲಿ ಐರ್ಲೆಂಡಿನ ಥಾಮಸ್ ರಾಮ್ನಿ ರಾಬಿನ್ಸನ್ ರೂಪಿಸಿದರು. ಅದರ ಸುಧಾರಿತ ರೂಪಗಳು ಇಂದಿಗೂ ಬಳಕೆಯಲ್ಲಿವೆ. ಧ್ವನಿತರಂಗ ಆಧಾರಿತ ಮಾಪಕಗಳು ಮತ್ತು ಲೇಸರ್ ಕಿರಣವನ್ನು ಬಳಸುವ ಲೈಡಾರ್ ಉಪಕರಣಗಳು ಇತ್ತೀಚಿನವು.

ಹವಾಮಾನ ಕೇಂದ್ರಗಳಲ್ಲಿ ಗಾಳಿಯನ್ನು ನೆಲದಿಂದ 10 ಮೀಟರ್ ಎತ್ತರದಲ್ಲಿ, ಬಯಲು ಜಾಗದಲ್ಲಿ ಅಳೆಯುವುದು ಅಂತರರಾಷ್ಟ್ರೀಯ ಕ್ರಮ. ಹತ್ತಿರದಲ್ಲಿ ಮರವೋ ಕಟ್ಟಡವೋ ಇದ್ದರೆ, ಮಾಪಕವು ಅದರ ಎತ್ತರದ ಹತ್ತು ಪಟ್ಟು ದೂರದಲ್ಲಿರಬೇಕು. ಪವನ ವಿದ್ಯುತ್ತಿನ ಲೆಕ್ಕಾಚಾರಕ್ಕೆ 50, 80, 100, 120 ಅಥವಾ 150 ಮೀಟರ್ ಎತ್ತರದ ವೇಗ ಬೇಕಾಗುತ್ತದೆ. ಆದ್ದರಿಂದ ಎತ್ತರವನ್ನು ಹೇಳದೆ ನೀಡಿದ ಸರಾಸರಿ ವೇಗಕ್ಕೆ ಹೆಚ್ಚಿನ ಅರ್ಥವಿಲ್ಲ.

ನೆಲದ ಹತ್ತಿರ ಗಿಡಮರ, ಮನೆಮಠಗಳ ಘರ್ಷಣೆಯಿಂದ ಗಾಳಿ ನಿಧಾನವಾಗುತ್ತದೆ. ಮೇಲೆ ಹೋದಂತೆ ವೇಗ ಏರುತ್ತದೆ. ತೆರೆದ ಬಯಲಿನಲ್ಲಿ ಈ ಏರಿಕೆಯನ್ನು ಅಂದಾಜು ಮಾಡಲು ಎತ್ತರಗಳ ಅನುಪಾತದ ಏಳನೆಯ ಒಂದರ ಘಾತವನ್ನು ಬಳಸುವ ರೂಢಿಯಿದೆ. ಇದರಂತೆ 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 4 ಮೀಟರ್ ವೇಗವಿದ್ದರೆ 100 ಮೀಟರ್ ಎತ್ತರದಲ್ಲಿ ಸುಮಾರು 5.6 ಮೀಟರ್ ಇರುತ್ತದೆ.

## ವ್ಯತ್ಯಾಸಕ್ಕೆ ಕಾರಣಗಳು

ಗಾಳಿಯು ಹೆಚ್ಚಿನ ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹರಿಯುತ್ತದೆ. ಒತ್ತಡದ ಅಂತರ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ. ಬೇಸಿಗೆಯಲ್ಲಿ ವಾಯವ್ಯ ಭಾರತ ಮತ್ತು ಅದರ ಆಚೆಯ ಮರುಭೂಮಿ ಕಾದು ಅಲ್ಲಿ ಒತ್ತಡ ಕುಸಿಯುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ಅಧಿಕ ಒತ್ತಡವಿರುತ್ತದೆ. ಈ ಅಂತರವೇ ನೈಋತ್ಯ ಮಾರುತವನ್ನು ಚಾಲನೆಯಲ್ಲಿಡುತ್ತದೆ.

ಮುಂಗಾರಿನ ತಿಂಗಳುಗಳಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪ್ರಬಲ ಗಾಳಿಯ ಹೊಳೆಯೊಂದು ಸೊಮಾಲಿಯಾ ಕರಾವಳಿಯ ಬಳಿಯಿಂದ ಅರಬ್ಬಿ ಸಮುದ್ರವನ್ನು ದಾಟಿ ಭಾರತದ ಪರ್ಯಾಯದ್ವೀಪದ ಮೇಲೆ ಹಾದುಹೋಗುತ್ತದೆ. ಪರ್ಯಾಯದ್ವೀಪದ ಮೇಲೆ ಈ ಪ್ರವಾಹವಿರುವುದನ್ನು ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ 1966ರಲ್ಲಿ ವರದಿ ಮಾಡಿದರು. 1969ರಲ್ಲಿ ಫಿಂಡ್ಲೇಟರ್ ಆಫ್ರಿಕದ ಪೂರ್ವತೀರದಿಂದ ಅದರ ಪೂರ್ಣಪಥವನ್ನು ವಿವರಿಸಿದರು.

ಎರಡನೆಯ ಕಾರಣ ಭೂರಚನೆ. ಪಶ್ಚಿಮ ಘಟ್ಟಗಳು ಮುಂಗಾರು ಮಾರುತಕ್ಕೆ ಗೋಡೆಯಂತೆ ಅಡ್ಡನಿಂತಿವೆ. ಆ ಗೋಡೆಯಲ್ಲಿ ಕಂಡಿಯಿರುವಲ್ಲಿ ಗಾಳಿ ನುಗ್ಗುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ಅದರ ವೇಗ ಹೆಚ್ಚುತ್ತದೆ. ಗುಡ್ಡದ ನೆತ್ತಿಯನ್ನು ಏರಿ ದಾಟುವಾಗಲೂ ಹೀಗೆಯೇ ಆಗುತ್ತದೆ. ಸಮುದ್ರ ಮತ್ತು ಮರುಭೂಮಿಗಳಂತಹ ನುಣುಪಾದ ಮೇಲ್ಮೈಯಲ್ಲಿ ಘರ್ಷಣೆ ಕಡಿಮೆಯಾದ್ದರಿಂದ ಗಾಳಿ ಸರಾಗವಾಗಿ ಬೀಸುತ್ತದೆ.

## ಪ್ರಾದೇಶಿಕ ಹಂಚಿಕೆ

### ದಕ್ಷಿಣದ ಕಂಡಿಗಳು

ನೀಲಗಿರಿ ಮತ್ತು ಆನೈಮಲೈ ಬೆಟ್ಟಗಳ ನಡುವೆ ಸುಮಾರು 30ರಿಂದ 40 ಕಿ.ಮೀ. ಅಗಲದ ಪಾಲಕ್ಕಾಡ್ ಕಂಡಿಯಿದೆ. ಇದರ ಮೂಲಕ ನುಗ್ಗುವ ಮುಂಗಾರು ಗಾಳಿ ಕೊಯಮತ್ತೂರು, ಪೊಳ್ಳಾಚಿ, ಉಡುಮಲಪೇಟೆಗಳ ಬಯಲನ್ನು ತಲುಪುತ್ತದೆ. ಇನ್ನೂ ದಕ್ಷಿಣದಲ್ಲಿ ಶೆಂಕೋಟೆ ಕಂಡಿ ಹಾಗೂ ಕನ್ಯಾಕುಮಾರಿ ಜಿಲ್ಲೆಯ ಆರಲ್ವಾಯ್‌ಮೊಳಿ ಕಣಿವೆಗಳಿವೆ. ಆರಲ್ವಾಯ್‌ಮೊಳಿಯ ಬಾಯಲ್ಲಿರುವ ಮುಪ್ಪಂದಲ್ ದೇಶದ ಅತಿ ದೊಡ್ಡ ಪವನ ವಿದ್ಯುತ್ ಕ್ಷೇತ್ರಗಳಲ್ಲಿ ಒಂದು.

### ಪಶ್ಚಿಮ ಭಾರತ

ಕಛ್ ಮತ್ತು ಸೌರಾಷ್ಟ್ರಗಳು ಮೂರು ಕಡೆ ನೀರಿನಿಂದ ಆವೃತವಾದ ತಗ್ಗು ಪ್ರದೇಶಗಳು. ಮುಂಗಾರು ಮಾರುತವನ್ನು ತಡೆಯುವ ಎತ್ತರದ ಬೆಟ್ಟಗಳು ಅಲ್ಲಿನ ಕರಾವಳಿಯಲ್ಲಿಲ್ಲ. ಜೈಸಲ್ಮೇರ್ ಸುತ್ತಲಿನ ಥಾರ್ ಮರುಭೂಮಿಯಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಗಾಳಿ ಪ್ರಬಲ. ಮರಳುದಿಬ್ಬಗಳು ಹೊಲ ಮತ್ತು ರಸ್ತೆಗಳ ಮೇಲೆ ಸರಿದುಬರುವುದು ಇದರಿಂದಲೇ. ಗಾಳಿಯ ದಿಕ್ಕಿಗೆ ಅಡ್ಡಲಾಗಿ ಮರಗಳ ಸಾಲು ಬೆಳೆಸಿ ಮರಳನ್ನು ತಡೆಯುವ ಪ್ರಯೋಗಗಳನ್ನು ಜೋಧ್‌ಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ನಡೆಸುತ್ತ ಬಂದಿದೆ.

### ಕರ್ನಾಟಕ ಮತ್ತು ದಖ್ಖನ್ ಪ್ರಸ್ಥಭೂಮಿ

ಸಮುದ್ರದ ಅಂಚಿನಲ್ಲಿರುವ ಕರಾವಳಿಯಲ್ಲೇ ಗಾಳಿ ಹೆಚ್ಚಿರಬೇಕೆಂದು ಊಹಿಸುವುದು ಸಹಜ. ಆದರೆ ಕರ್ನಾಟಕದಲ್ಲಿ ಪವನ ವಿದ್ಯುತ್ತಿಗೆ ಹೆಸರಾದ ಸ್ಥಳಗಳೆಲ್ಲ ಬಯಲುಸೀಮೆಯಲ್ಲಿವೆ. ಕರಾವಳಿಯ ಹಿಂದೆಯೇ ಘಟ್ಟಗಳು ಎದ್ದುನಿಂತಿರುವುದರಿಂದ ಗಾಳಿಗೆ ಅಲ್ಲಿ ತಡೆಯುಂಟಾಗುತ್ತದೆ. ಘಟ್ಟವನ್ನೇರಿ ಮಳೆಯನ್ನು ಸುರಿಸಿದ ಗಾಳಿಯು ಪೂರ್ವದ ಪ್ರಸ್ಥಭೂಮಿಯ ಮೇಲೆ ಒಣಗಾಳಿಯಾಗಿ ಬೀಸುತ್ತದೆ. ಚಿತ್ರದುರ್ಗದ ಬೆಟ್ಟಸಾಲು ಮತ್ತು ಗದಗ ಜಿಲ್ಲೆಯ ಕಪ್ಪತಗುಡ್ಡ ಸರಿಸುಮಾರು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಚಾಚಿಕೊಂಡಿದ್ದು, ಪಶ್ಚಿಮ ಮತ್ತು ನೈಋತ್ಯದಿಂದ ಬರುವ ಗಾಳಿಗೆ ಅಡ್ಡವಾಗಿವೆ. ಅವುಗಳ ನೆತ್ತಿಯಲ್ಲಿ ವೇಗ ಹೆಚ್ಚುತ್ತದೆ. ಈ ಜಿಲ್ಲೆಗಳು ಮಳೆನೆರಳಿನಲ್ಲಿರುವುದಕ್ಕೂ ಗಾಳಿಗೆ ಹೆಸರಾಗಿರುವುದಕ್ಕೂ ಮೂಲ ಒಂದೇ. ಜನರು ‘ಆಷಾಢದ ಗಾಳಿ’ ಎಂದು ಕರೆಯುವುದು ಜೂನ್-ಜುಲೈ ತಿಂಗಳ ಈ ಮಾರುತವನ್ನೇ.

ಮಹಾರಾಷ್ಟ್ರದ ಸಾತಾರಾ ಸುತ್ತಲಿನ ಎತ್ತರದ ಬಯಲುಗಳು ಹಾಗೂ ಆಂಧ್ರಪ್ರದೇಶದ ಅನಂತಪುರ ಪ್ರದೇಶವೂ ಇದೇ ವರ್ಗಕ್ಕೆ ಸೇರುತ್ತವೆ.

### ಉತ್ತರದ ಬಯಲು ಮತ್ತು ಈಶಾನ್ಯ

ಗಂಗಾ ಬಯಲಿನ ಬಹುಭಾಗದಲ್ಲಿ 10 ಮೀಟರ್ ಎತ್ತರದ ವಾರ್ಷಿಕ ಸರಾಸರಿ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆ. ಚಳಿಗಾಲದಲ್ಲಿ ಗಾಳಿ ಇನ್ನೂ ಮಂದವಾಗುತ್ತದೆ. ನೆಲದ ಬಳಿಯ ತಂಪುಗಾಳಿಯ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಹೊಗೆ ಮತ್ತು ದೂಳು ಚದುರಲು ದಾರಿಯಿರುವುದಿಲ್ಲ. ದೆಹಲಿ ಹಾಗೂ ಸುತ್ತಲಿನ ನಗರಗಳ ಚಳಿಗಾಲದ ವಾಯುಮಾಲಿನ್ಯ ತೀವ್ರವಾಗಲು ಇದೊಂದು ಮುಖ್ಯ ಕಾರಣ. ಬ್ರಹ್ಮಪುತ್ರ ಕಣಿವೆಯು ಬೆಟ್ಟಗಳ ಮರೆಯಲ್ಲಿರುವುದರಿಂದ ಅಲ್ಲಿಯೂ ಸರಾಸರಿ ಕಡಿಮೆ.

### ಹಿಮಾಲಯ ಮತ್ತು ಲಡಾಖ್

ಬೆಟ್ಟಪ್ರದೇಶದಲ್ಲಿ ಒಂದು ಕಣಿವೆಗೂ ಪಕ್ಕದ ಕಣಿವೆಗೂ ಬಹಳ ವ್ಯತ್ಯಾಸವಿರುತ್ತದೆ. ಲಡಾಖಿನ ಕಣಿವೆಗಳಲ್ಲಿ ಬೆಳಗ್ಗೆ ಶಾಂತವಾಗಿರುವ ಗಾಳಿ, ಇಳಿಜಾರುಗಳು ಬಿಸಿಲಿಗೆ ಕಾದಂತೆ ಮಧ್ಯಾಹ್ನದ ನಂತರ ರಭಸವಾಗುತ್ತದೆ. ಸುಮಾರು 3,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 30ರಷ್ಟು ಕಡಿಮೆ. ಆದ್ದರಿಂದ ಅಷ್ಟೇ ವೇಗದ ಗಾಳಿಯಿಂದ ದೊರೆಯುವ ಶಕ್ತಿಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ.

### ಸಮುದ್ರ

ಸಮುದ್ರದ ಮೇಲೆ ಗಾಳಿ ನೆಲಕ್ಕಿಂತ ವೇಗವಾಗಿಯೂ ಸ್ಥಿರವಾಗಿಯೂ ಇರುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿ ಹಾಗೂ ತಮಿಳುನಾಡಿನ ಮನ್ನಾರ್ ಕೊಲ್ಲಿಯ ಭಾಗಗಳನ್ನು ಕಡಲ ಪವನ ವಿದ್ಯುತ್ತಿಗೆ ಗುರುತಿಸಲಾಗಿದೆ. ಭಾರತ ಸರ್ಕಾರ 2015ರಲ್ಲಿ ಈ ಕುರಿತು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು.

## ಋತುಮಾನದ ಬದಲಾವಣೆ

ಪಶ್ಚಿಮ ಮತ್ತು ದಕ್ಷಿಣ ಭಾರತದಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪ್ರಬಲವಾಗಿದ್ದು, ವರ್ಷದ ಪವನ ವಿದ್ಯುತ್ತಿನ ಸುಮಾರು ಮೂರನೆಯ ಎರಡು ಭಾಗ ಈ ಅವಧಿಯಲ್ಲಿಯೇ ಉತ್ಪಾದನೆಯಾಗುತ್ತದೆ. ಅಕ್ಟೋಬರಿನಲ್ಲಿ ಮಾರುತಗಳು ದಿಕ್ಕು ಬದಲಿಸುವಾಗ ಗಾಳಿ ಕ್ಷೀಣಿಸುತ್ತದೆ. ಅನಂತರ ಈಶಾನ್ಯ ಮಾರುತವು ಪೂರ್ವ ಕರಾವಳಿ ಮತ್ತು ತಮಿಳುನಾಡಿನ ದಕ್ಷಿಣ ತುದಿಯಲ್ಲಿ ಮತ್ತೊಂದು ಸಣ್ಣ ಏರಿಕೆಯನ್ನು ತರುತ್ತದೆ.

ಕೆಲವು ಸ್ಥಳೀಯ ಗಾಳಿಗಳಿಗೆ ಪ್ರತ್ಯೇಕ ಹೆಸರುಗಳಿವೆ. ಮೇ-ಜೂನ್ ತಿಂಗಳಲ್ಲಿ ಉತ್ತರದ ಬಯಲಿನಲ್ಲಿ ಬೀಸುವ ಒಣ ಬಿಸಿಗಾಳಿಗೆ ‘ಲೂ’ ಎನ್ನುವರು. ದೂಳುಬಿರುಗಾಳಿ ‘ಆಂಧಿ’ ಎನಿಸಿಕೊಳ್ಳುತ್ತದೆ. ಬಂಗಾಳದಲ್ಲಿ ಮುಂಗಾರಿಗೆ ಮೊದಲು ಸಂಜೆಯ ಹೊತ್ತು ಗುಡುಗುಮಳೆಯೊಡನೆ ಎರಗುವ ಬಿರುಗಾಳಿಗೆ ‘ಕಾಲ್‌ಬೈಸಾಖಿ’ ಎಂದು ಹೆಸರು.

## ಸರಾಸರಿಯ ಮಿತಿಗಳು

ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 6 ಮೀಟರಿನಿಂದ 7 ಮೀಟರಿಗೆ ಏರಿದರೆ ಶಕ್ತಿ ಸುಮಾರು ಶೇ. 59ರಷ್ಟು ಹೆಚ್ಚುತ್ತದೆ. ಅಳತೆಯಲ್ಲಿನ ಚಿಕ್ಕ ತಪ್ಪೂ ಅಂದಾಜಿನಲ್ಲಿ ದೊಡ್ಡ ತಪ್ಪಾಗುವುದು ಈ ಕಾರಣದಿಂದ.

ಒಂದೇ ಸರಾಸರಿಯುಳ್ಳ ಎರಡು ಸ್ಥಳಗಳು ಸಮಾನವೂ ಅಲ್ಲ. ಒಂದು ಸ್ಥಳದಲ್ಲಿ ವರ್ಷವಿಡೀ ಸೆಕೆಂಡಿಗೆ 6 ಮೀಟರ್ ವೇಗವಿದೆ ಎಂದುಕೊಳ್ಳೋಣ. ಇನ್ನೊಂದರಲ್ಲಿ ಅರ್ಧವರ್ಷ 3 ಮೀಟರ್, ಉಳಿದರ್ಧ 9 ಮೀಟರ್ ಇರಲಿ. ಎರಡರ ಸರಾಸರಿಯೂ 6. ಆದರೆ ಮೊದಲನೆಯದರ ಘನ 216. ಎರಡನೆಯದರಲ್ಲಿ 27 ಮತ್ತು 729ರ ಸರಾಸರಿ 378. ಎರಡನೆಯ ಸ್ಥಳದ ಗಾಳಿಯಲ್ಲಿ 1.75 ಪಟ್ಟು ಶಕ್ತಿಯಿದೆ. ಆದರೆ ಆ ಶಕ್ತಿಯ ಬಹುಪಾಲು ಅರ್ಧವರ್ಷದಲ್ಲಿಯೇ ಬಂದುಹೋಗುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಕಣದಲ್ಲಿ ರಾಶಿ ತೂರುವ ರೈತನಿಗೆ ಅನ್ವಯಿಸುವಂತೆ ಭಾರತದ ಪವನ ವಿದ್ಯುತ್ತಿಗೂ ಅನ್ವಯಿಸುತ್ತದೆ. ಗಾಳಿಯಿಲ್ಲದ ತಿಂಗಳುಗಳಲ್ಲಿ ಬೇರೆ ಮೂಲಗಳು ಕೊರತೆಯನ್ನು ತುಂಬಬೇಕಾಗುತ್ತದೆ.

ಇದರ ಜೊತೆಗೆ, ಹಳೆಯ ಹವಾಮಾನ ಕೇಂದ್ರಗಳ ಸುತ್ತ ನಗರಗಳು ಬೆಳೆದು ಕಟ್ಟಡಗಳು ಎದ್ದಿರುವುದರಿಂದ ಅಲ್ಲಿ ದಾಖಲಾಗುವ ವೇಗ ಇಳಿದಿರುವುದುಂಟು. ಅಂಥ ಕೇಂದ್ರದ ಅಂಕಿಯು ಇಡೀ ಜಿಲ್ಲೆಯನ್ನು ಪ್ರತಿನಿಧಿಸಲಾರದು.

## ಸಮೀಕ್ಷೆಯ ಇತಿಹಾಸ

ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ಅದರ ದಾಖಲೆಗಳು ಮುಖ್ಯವಾಗಿ ಮುನ್ಸೂಚನೆ, ನೌಕಾಯಾನ ಮತ್ತು ವಿಮಾನಯಾನಗಳ ಉದ್ದೇಶಕ್ಕಾಗಿ ಸಂಗ್ರಹವಾದವು. ಗಾಳಿಯನ್ನು ಶಕ್ತಿಮೂಲವೆಂದು ಅಳೆಯುವ ಕೆಲಸಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಹವಾಮಾನ ವಿಜ್ಞಾನಿ ಅಣ್ಣಾ ಮಣಿ (1918–2001). ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿದ ಅವರು ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಅನಂತರ ಬೆಂಗಳೂರಿನಲ್ಲಿ ಗಾಳಿ ಮತ್ತು ಸೌರಶಕ್ತಿಯನ್ನು ಅಳೆಯುವ ಉಪಕರಣಗಳ ತಯಾರಿಕೆಗೆ ಕಾರ್ಯಾಗಾರ ತೆರೆದರು. ಡಿ. ಎ. ಮೂಲೆ ಅವರೊಡನೆ ಸಿದ್ಧಪಡಿಸಿದ ಭಾರತದ ಪವನಶಕ್ತಿಯ ದತ್ತಾಂಶ ಗ್ರಂಥ 1983ರಲ್ಲಿ ಪ್ರಕಟವಾಯಿತು.

1998ರಲ್ಲಿ ಚೆನ್ನೈಯಲ್ಲಿ ಪ್ರಾರಂಭವಾದ ಸಂಸ್ಥೆಯು ಈಗ ರಾಷ್ಟ್ರೀಯ ಪವನಶಕ್ತಿ ಸಂಸ್ಥೆ ಎಂಬ ಹೆಸರಿನಲ್ಲಿ ದೇಶದ ಪವನ ಭೂಪಟವನ್ನು ಸಿದ್ಧಪಡಿಸುತ್ತಿದೆ. ಅದರ ಅಂದಾಜಿನಂತೆ ದೇಶದ ಪವನ ವಿದ್ಯುತ್ ಸಾಮರ್ಥ್ಯ 100 ಮೀಟರ್ ಎತ್ತರದಲ್ಲಿ 302 ಗಿಗಾವಾಟ್, 120 ಮೀಟರ್ ಎತ್ತರದಲ್ಲಿ ಸುಮಾರು 695 ಗಿಗಾವಾಟ್. 120 ಮೀಟರ್ ಎತ್ತರದ ಅಂದಾಜಿನಲ್ಲಿ ಮುಖ್ಯ ರಾಜ್ಯಗಳ ಪಾಲು ಹೀಗಿದೆ:

- ಗುಜರಾತ್: ಸುಮಾರು 143 ಗಿಗಾವಾಟ್
- ರಾಜಸ್ಥಾನ: ಸುಮಾರು 128 ಗಿಗಾವಾಟ್
- ಕರ್ನಾಟಕ: ಸುಮಾರು 124 ಗಿಗಾವಾಟ್
- ಮಹಾರಾಷ್ಟ್ರ: ಸುಮಾರು 98 ಗಿಗಾವಾಟ್
- ಆಂಧ್ರಪ್ರದೇಶ: ಸುಮಾರು 75 ಗಿಗಾವಾಟ್
- ತಮಿಳುನಾಡು: ಸುಮಾರು 69 ಗಿಗಾವಾಟ್

ಅತಿ ಹೆಚ್ಚಿನ ಗಾಳಿಯ ತಾಣಗಳುಳ್ಳ ತಮಿಳುನಾಡು ಈ ಪಟ್ಟಿಯಲ್ಲಿ ಕೆಳಗಿರುವುದು ಗಮನಾರ್ಹ. ಒಟ್ಟು ಸಾಮರ್ಥ್ಯವು ವೇಗವೊಂದನ್ನೇ ಅವಲಂಬಿಸಿಲ್ಲ. ಗಾಳಿಯಂತ್ರ ಸ್ಥಾಪಿಸಲು ದೊರೆಯುವ ಭೂಮಿಯ ವಿಸ್ತಾರವನ್ನೂ ಅವಲಂಬಿಸಿದೆ. 2025ರಲ್ಲಿ ದೇಶದ ಸ್ಥಾಪಿತ ಪವನ ವಿದ್ಯುತ್ ಸಾಮರ್ಥ್ಯ 50 ಗಿಗಾವಾಟ್ ದಾಟಿತು.

## ಸರಾಸರಿ ವೇಗ ಮತ್ತು ಗರಿಷ್ಠ ವೇಗ

ಸರಾಸರಿ ಕಡಿಮೆಯಿರುವ ಸ್ಥಳ ಬಿರುಗಾಳಿಯಿಂದ ಸುರಕ್ಷಿತವೆಂದು ಭಾವಿಸುವಂತಿಲ್ಲ. ಒಡಿಶಾದ ಕರಾವಳಿ ಪವನ ವಿದ್ಯುತ್ತಿಗೆ ಹೆಸರಾದುದಲ್ಲ; ಆದರೆ 1999ರ ಅಕ್ಟೋಬರ್ 29ರಂದು ಪಾರಾದೀಪ ಬಳಿ ತೀರವನ್ನು ದಾಟಿದ ಮಹಾ ಚಂಡಮಾರುತದ ಗಾಳಿ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿತ್ತು. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಗಾಳಿಯ ವೇಗ 34 ನಾಟ್ ಅಥವಾ ಅದಕ್ಕಿಂತ ಹೆಚ್ಚಾದಾಗ ವಾಯುಭಾರ ಕುಸಿತವು ಚಂಡಮಾರುತವೆನಿಸುತ್ತದೆ.

ಆದ್ದರಿಂದ ಕಟ್ಟಡ ವಿನ್ಯಾಸದಲ್ಲಿ ಸರಾಸರಿಯನ್ನು ಬಳಸುವುದಿಲ್ಲ. ಐ.ಎಸ್. 875ರ ಮೂರನೆಯ ಭಾಗ ಎಂಬ ಭಾರತೀಯ ಮಾನಕವು ದೇಶವನ್ನು ಸೆಕೆಂಡಿಗೆ 33, 39, 44, 47, 50 ಮತ್ತು 55 ಮೀಟರ್ ವೇಗದ ಆರು ವಲಯಗಳಾಗಿ ವಿಂಗಡಿಸಿದೆ. ಇವು 50 ವರ್ಷಗಳಿಗೊಮ್ಮೆ ಬರಬಹುದಾದ, ಮೂರು ಸೆಕೆಂಡಿನ ರಭಸದ ವೇಗಗಳು. ಬೆಂಗಳೂರು 33ರ ವಲಯದಲ್ಲಿ, ಮುಂಬಯಿ 44ರಲ್ಲಿ, ಚೆನ್ನೈ ಮತ್ತು ಕೋಲ್ಕತ್ತ 50ರ ವಲಯದಲ್ಲಿವೆ. ತಗಡಿನ ಮಾಡು, ಜಾಹೀರಾತು ಫಲಕ, ಮೊಬೈಲ್ ಗೋಪುರ ಮುಂತಾದವನ್ನು ನಿಲ್ಲಿಸುವವರು ಗಮನಿಸಬೇಕಾದುದು ಈ ವೇಗವನ್ನೇ.

## ಇವನ್ನೂ ನೋಡಿ

- ಮಾನ್ಸೂನ್
- ಪವನ ವಿದ್ಯುತ್
- ಪಶ್ಚಿಮ ಘಟ್ಟಗಳು
- ಕಪ್ಪತಗುಡ್ಡ
- ಅಣ್ಣಾ ಮಣಿ
- ಚಂಡಮಾರುತ